ಪದಚರ್ಚೆ: ಬ್ಯಾನರಿನಲ್ಲಿ ‘ಸಂಗೀತ ಚಿಕಿತ್ಸೆ’ ಸರಿಯೇ? (ತುರ್ತು)

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯಲ್ಲಿ ನರ್ಸಿಂಗ್ ಪಾಠ ಮಾಡುವವಳು. ಹಾರ್ಟ್ ಅಟ್ಯಾಕ್ ಆಗಿ ಐಸಿಯು ಸೇರಿದವರ ಆತಂಕ ತಗ್ಗಿಸಲು ಸಂಗೀತ ಕೇಳಿಸುವುದರ ಬಗ್ಗೆ ವಿದ್ಯಾರ್ಥಿಗಳಿಗೆ ಒಂದು ದಿನದ ತರಬೇತಿ ಇಟ್ಟುಕೊಂಡಿದ್ದೇವೆ. ‘ಹೃದಯ ಸ್ತಂಭನ ರೋಗಿಗಳಿಗೆ ಸಂಗೀತ ಚಿಕಿತ್ಸೆ: ಶುಶ್ರೂಷಾ ವಿದ್ಯಾರ್ಥಿಗಳ ಕಾರ್ಯಾಗಾರ’ ಎಂದು ಬರೆದಿದ್ದೇನೆ. ‘ಶುಶ್ರೂಷಾ’ ನಾಲಿಗೆಯಲ್ಲಿ ಹೊರಳುವುದಿಲ್ಲ, ತೆಗೆದುಬಿಡಿ ಎಂದು ಜೊತೆಯವರು ಹೇಳುತ್ತಿದ್ದಾರೆ. ಬ್ಯಾನರ್ ನಾಳೆ ಮಧ್ಯಾಹ್ನ ಮುದ್ರಣಕ್ಕೆ ಹೋಗಬೇಕು. ಬಲ್ಲವರು ಬೇಗ ತಿಳಿಸಿ.

ಹಾವೇರಿಯಿಂದ:

ಒಂದೇ ಸಾಲಿನಲ್ಲಿ ಇಷ್ಟೊಂದು ಸಂಸ್ಕೃತ ಏಕೆ? ‘ಗುಂಡಿಗೆ ಬೇನೆಯವರಿಗೆ ಹಾಡಿನ ಮದ್ದು’ ಎಂದು ಬರೆಯಿರಿ. ‘ದಾದಿ’ ಎಂಬ ಅಚ್ಚಗನ್ನಡ ಪದ ಇರುವಾಗ ‘ಶುಶ್ರೂಷೆ’ ಬೇಕಿಲ್ಲ. ಮನೆಯಲ್ಲಿ ಇಲ್ಲದ್ದನ್ನು ಮಾತ್ರ ಕಡ ತರಬೇಕು. ಇದರಲ್ಲಿ ಚರ್ಚಿಸುವಂಥದ್ದು ಏನೂ ಇಲ್ಲ.

ಧಾರವಾಡದಿಂದ:

ಇದೆ, ಬಹಳ ಇದೆ. ಮೇಡಂ, ಮೊದಲು ‘ಸ್ತಂಭನ’ ತೆಗೆಯಿರಿ. ಅದು ಶೈಲಿಯ ಮಾತಲ್ಲ, ತಪ್ಪು. ಗುಂಡಿಗೆಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡು ಅದರ ಸ್ನಾಯು ಸಾಯತೊಡಗಿದರೆ ಹೃದಯಾಘಾತ. ರಕ್ತ ಒತ್ತುವ ಕೆಲಸವೇ ನಿಂತರೆ ಹೃದಯ ಸ್ತಂಭನ. ಮೊದಲನೆಯದು ಎರಡನೆಯದಕ್ಕೆ ಎಡೆ ಮಾಡಬಹುದು, ಆದರೆ ಎರಡೂ ಒಂದೇ ಅಲ್ಲ. ಸ್ತಂಭನವಾದವರಿಗೆ ಹಾಡು ಕೇಳಿಸುತ್ತ ಕೂಡುವುದಿಲ್ಲ, ತಕ್ಷಣ ಎದೆ ಒತ್ತಬೇಕು. ಪತ್ರಿಕೆಗಳು ಎರಡನ್ನೂ ಕಲಸಿಬಿಟ್ಟಿವೆ. ನರ್ಸಿಂಗ್ ಕಾಲೇಜೂ ಹಾಗೆ ಮಾಡಬಾರದು.

ಇನ್ನು ‘ಚಿಕಿತ್ಸೆ’. ಹೃದಯಾಘಾತದ ಮಟ್ಟಿಗೆ ಈ ಪದವನ್ನು ಅಗ್ಗ ಮಾಡಬೇಡಿ. 1988ರಲ್ಲಿ ಪ್ರಕಟವಾದ, ಹೃದಯಾಘಾತದ ಔಷಧಗಳನ್ನು ಪರೀಕ್ಷಿಸಿದ ಐಸಿಸ್-2 ಪ್ರಯೋಗದಲ್ಲಿ 17,187 ರೋಗಿಗಳಿದ್ದರು. ಐದು ವಾರಗಳೊಳಗೆ ಹೃದಯ, ರಕ್ತನಾಳಗಳ ಕಾರಣದಿಂದ ಆಗುವ ಸಾವನ್ನು ಆಸ್ಪಿರಿನ್ ಒಂದೇ ಶೇ. 23ರಷ್ಟು ತಗ್ಗಿಸಿತು, ಹೆಪ್ಪು ಕರಗಿಸುವ ಸ್ಟ್ರೆಪ್ಟೋಕೈನೇಸ್ ಜೊತೆಗೂಡಿದಾಗ ಶೇ. 42ರಷ್ಟು. ಚಿಕಿತ್ಸೆ ಎಂದರೆ ಅದು. ಸಂಗೀತ ಮಾಡುವ ಉಪಕಾರ ಬೇರೆ. ಹೃದ್ರೋಗಿಗಳಿಗೆ ಸಂಗೀತ ಕೇಳಿಸಿದ 26 ಅಧ್ಯಯನಗಳನ್ನು 2013ರ ಕಾಕ್ರೇನ್ ಸಮೀಕ್ಷೆ ಒಟ್ಟಿಗೆ ಇಟ್ಟು ನೋಡಿತು. ಆತಂಕ ತಗ್ಗುತ್ತದೆ, ಅದರಲ್ಲೂ ಹೃದಯಾಘಾತವಾದವರಲ್ಲಿ, ಎಂದು ಕಂಡಿತು. ಅವುಗಳಲ್ಲಿ 23ರಲ್ಲಿ ತರಬೇತಾದ ಸಂಗೀತ ಚಿಕಿತ್ಸಕರೇ ಇರಲಿಲ್ಲ, ಧ್ವನಿಮುದ್ರಿತ ಸಂಗೀತ ಕೇಳಿಸಿದ್ದರು ಅಷ್ಟೇ. ನಿಮ್ಮ ವಿದ್ಯಾರ್ಥಿಗಳು ಮಾಡಲಿರುವುದೂ ಅದನ್ನೇ. ಗದಗಿನ ಹಳ್ಳಿಯಿಂದ ಎದೆನೋವು ಎಂದು ಓಡಿಬಂದವರ ಮನೆಯವರು ನಿಮ್ಮ ಬ್ಯಾನರ್ ಓದಿ, ಕಟ್ಟಿದ ನಾಳ ತೆರೆಯುವ ಆಂಜಿಯೋಪ್ಲಾಸ್ಟಿಗೆ ಬದಲು ಇದೇ ಸಾಕಲ್ಲವೇ ಎಂದು ಕೇಳಿದರೆ ಏನು ಹೇಳುತ್ತೀರಿ? ‘ಆರೈಕೆ’ ಎನ್ನಿ, ಇಲ್ಲವೇ ‘ಸಂಗೀತೋಪಚಾರ’ ಎನ್ನಿ. ದೇವರ ಪೂಜೆಯ ಉಪಚಾರಗಳಲ್ಲಿ ಗೀತವೂ ವಾದ್ಯವೂ ಇವೆ, ಕಿವಿಗೆ ಹೊಸದೆನಿಸುವುದಿಲ್ಲ.

ಆದರೆ ‘ಶುಶ್ರೂಷೆ’ಯನ್ನು ಮಾತ್ರ ದಯವಿಟ್ಟು ತೆಗೆಯಬೇಡಿ. ‘ಕೇಳು’ ಎಂಬರ್ಥದ ‘ಶ್ರು’ ಧಾತುವಿನ ಸನ್ನಂತ, ಅಂದರೆ ಬಯಕೆ ಸೂಚಿಸುವ, ರೂಪ ಅದು. ಮೂಲಾರ್ಥ ‘ಕೇಳುವ ಬಯಕೆ’. ಹಿರಿಯರ ಮಾತು ಕೇಳಬೇಕೆಂಬ ಬಯಕೆ ವಿಧೇಯತೆಯಾಯಿತು, ಅದು ಸೇವೆಯಾಯಿತು, ಸೇವೆ ರೋಗಿಯ ಹಾಸಿಗೆಯ ಬಳಿ ಬಂದು ನಿಂತಿತು. ಕಿವಿಯಿಂದ ಹುಟ್ಟಿದ ಪದ! ಸಂಗೀತದ ಕಾರ್ಯಾಗಾರದಿಂದಲೇ ಅದನ್ನು ಹೊರಗೆ ಹಾಕಿದರೆ ನನಗೆ ನಿಜವಾಗಿ ಸಂಕಟವಾಗುತ್ತದೆ.

ಹಾವೇರಿಯ ಹಿರಿಯರಿಗೆ: ‘ದಾದಿ’ ಅಚ್ಚಗನ್ನಡವಲ್ಲ, ‘ಧಾತ್ರಿ’ಯ ತದ್ಭವ. ಕೂಸಿಗೆ ಹಾಲೂಡಿಸಿ ಸಾಕುವವಳು ಎಂದು ಅರ್ಥ. ಮೇಡಂ ತರಗತಿಯಲ್ಲಿ ಕುಳಿತ ಹುಡುಗರನ್ನು ಏನೆಂದು ಕರೆಯುತ್ತೀರಿ? ‘ಮದ್ದು’ ಒಳ್ಳೆಯ ಪದವೇ, ಆದರೆ ‘ಮದ್ದು ಹಾಕಿದರು’ ಎಂದರೆ ಜನ ಏನು ತಿಳಿಯುತ್ತಾರೆಂಬುದು ನಿಮಗೂ ಗೊತ್ತು. ಕಡದ ಮಾತಿಗೆ ಬಂದರೆ, ನಮ್ಮ ಕಡೆಯವರು ಇಂದಿಗೂ ದವಾಖಾನೆಗೆ ಹೋಗುತ್ತಾರೆ. ‘ದವಾ’ ಅರಬ್ಬಿ, ‘ಖಾನೆ’ ಪಾರಸಿ. ಬೇರೆ ಕಡೆಯವರು ಹೋಗುವ ‘ಆಸ್ಪತ್ರೆ’ಯೂ ಹಡಗಿನಲ್ಲಿ ಬಂದದ್ದೇ. ಎರಡೂ ನಮ್ಮವಾಗಿ ಎಷ್ಟು ಕಾಲವಾಯಿತು!

ನನ್ನ ಸೂಚನೆ: ‘ಹೃದಯಾಘಾತವಾದವರ ಆರೈಕೆಯಲ್ಲಿ ಸಂಗೀತ: ಶುಶ್ರೂಷಾ ವಿದ್ಯಾರ್ಥಿಗಳ ಕಾರ್ಯಾಗಾರ’.

ಹಾವೇರಿಯಿಂದ:

ತದ್ಭವವಾದ ಮೇಲೆ ಅದು ಕನ್ನಡವೇ. ಕೇಶಿರಾಜ ತನ್ನ ಹಳಗನ್ನಡ ವ್ಯಾಕರಣ ‘ಶಬ್ದಮಣಿದರ್ಪಣ’ದಲ್ಲಿ ತದ್ಭವಗಳಿಗೆಂದೇ ಅಪಭ್ರಂಶ ಪ್ರಕರಣ ಬರೆದದ್ದು ಸುಮ್ಮನೆ ಅಲ್ಲ. ಕನ್ನಡದ ನಾಲಿಗೆಗೆ ಒಗ್ಗಿಸಿಕೊಂಡ ‘ದಾದಿ’ಯನ್ನೂ ‘ದವಾಖಾನೆ’ಯನ್ನೂ ಒಪ್ಪುತ್ತೇನೆ. ಎರಡು ಸಾವಿರ ವರ್ಷವಾದರೂ ಒಗ್ಗದ ‘ಶುಶ್ರೂಷೆ’ಯನ್ನು ಒಪ್ಪುವುದಿಲ್ಲ. ‘ಆರೈಕೆ’ಯನ್ನು ನೀವೇ ಬರೆದಿದ್ದೀರಿ. ಒಮ್ಮೆ ಬಂದ ಮೇಲೆ ಅದೇ ಸಾಕಿತ್ತು. ‘ಸ್ತಂಭನ’ದ ವಿಷಯ ಮಾತ್ರ ನೀವು ಹೇಳಿದ್ದೇ ಸರಿ.

ಹುಬ್ಬಳ್ಳಿಯಿಂದ:

ಇಬ್ಬರಿಗೂ ವಂದನೆಗಳು. ಧಾರವಾಡದ ಸರ್ ಬರೆದ ಸಾಲನ್ನೇ ಮುದ್ರಣಕ್ಕೆ ಕಳುಹಿಸಿದ್ದೇನೆ. ‘ಸ್ತಂಭನ’ದ ತಪ್ಪು ನನ್ನದೇ. ಕಲಿಸುವವಳಾಗಿ ಹಾಗೆ ಬರೆಯಬಾರದಿತ್ತು.

ಇನ್ನೊಂದು ಕೆಲಸ ಉಳಿದಿದೆ. ಅದೇ ಸಮೀಕ್ಷೆಯಲ್ಲಿ, ಹಾಡು ಆರಿಸುವ ಅವಕಾಶ ರೋಗಿಗೇ ಸಿಕ್ಕಾಗ ಆತಂಕ ಹೆಚ್ಚು ತಗ್ಗಿತ್ತು ಎಂದಿದೆ. ಆದ್ದರಿಂದ ಹಾಸಿಗೆಯ ಬಳಿ ತುಂಬಿಸುವ ನಮೂನೆಯಲ್ಲಿ ಒಂದು ಪ್ರಶ್ನೆ ಬೇಕು. ‘ರೋಗಿಯ ಸಂಗೀತ ಆದ್ಯತೆ’ ಎಂದು ಅಚ್ಚಾಗಿತ್ತು. ಅದನ್ನು ಹೊಡೆದುಹಾಕಿ, ‘ನಿಮಗೆ ಯಾವ ಹಾಡು ಕೇಳಬೇಕೆನಿಸುತ್ತದೆ?’ ಎಂದು ಬರೆದಿದ್ದೇನೆ. ಕೆಳಗೆ ವಚನ, ತತ್ವಪದ, ಭಜನೆ, ಸಿನಿಮಾ ಹಾಡು, ‘ಸದ್ಯಕ್ಕೆ ಏನೂ ಬೇಡ’ ಎಂದಿದೆ. ಇದರಲ್ಲಿ ತಿದ್ದುವುದಿದ್ದರೆ ಇಂದು ರಾತ್ರಿಯೊಳಗೆ ತಿಳಿಸಿ.