ಹೊಟ್ಟೆಯ ಲಿಂಫೋಮಾ ವಾಸಿಯಾದ ಮೇಲೆ ಮೆದುಳಿನಲ್ಲಿ ಗಡ್ಡೆ: ಅನುಭವವಿದ್ದವರು ತಿಳಿಸಿ

ಹೊಸನಗರದಿಂದ: ನಮ್ಮ ತಾಯಿಗೆ 62 ವರ್ಷ. ಹೊಟ್ಟೆಯ ಲಿಂಫೋಮಾಕ್ಕೆ (ಒಂದು ಬಗೆಯ ಬಿಳಿ ರಕ್ತಕಣಗಳ ಕ್ಯಾನ್ಸರ್) ಆರು ಸುತ್ತು ಆರ್-ಚಾಪ್ ಎಂಬ ಔಷಧಗಳ ಕೀಮೋ ಮುಗಿದು, ಪೆಟ್ ಸ್ಕ್ಯಾನ್‌ನಲ್ಲಿ ಏನೂ ಇಲ್ಲವೆಂದು ಬಂದು ಏಳು ತಿಂಗಳಾಗಿತ್ತು. ಈಗ ನಡೆಯುವಾಗ ಎಡಕ್ಕೆ ವಾಲುತ್ತಾರೆ. ಎಂಆರ್‌ಐಯಲ್ಲಿ ಮೆದುಳಿನ ಗಡ್ಡೆ ಕಂಡಿದೆ. ಈ ದಾರಿಯಲ್ಲಿ ನಡೆದವರು ಎಲ್ಲಿ ಎಡವಿದಿರಿ ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.

ತೀರ್ಥಹಳ್ಳಿಯಿಂದ: ನನ್ನ ಮಾವನವರದೂ ಇದೇ ಕಥೆಯಾದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ಅವರದು ಡಿಫ್ಯೂಸ್ ಲಾರ್ಜ್ ಬಿ-ಸೆಲ್ ಎಂಬ, ಬೇಗ ಬೆಳೆಯುವ ಬಗೆ. ಕೀಮೋ ಮುಗಿಸಿ ತೋಟಕ್ಕೆ ಹೋಗತೊಡಗಿದ್ದರು. ಕೊನೆಕೊಯ್ಲಿನ ಒಂದು ದಿನ ದೋಟಿಯತ್ತ ಕೈ ತೋರಿಸಿ, ಕೊನೆಗಾರನಿಗೆ ‘ಆ ಛತ್ರಿ ಕೊಡು’ ಎಂದರು. ನಾವೆಲ್ಲ ನಕ್ಕೆವು. ಮೂರು ದಿನ ಕಳೆದು, ಅಂಗಿಯ ಗುಂಡಿ ಹಾಕಿಕೊಳ್ಳಲಾಗದೆ ಅವರು ಸುಮ್ಮನೆ ಕುಳಿತಿದ್ದನ್ನು ಕಂಡಾಗ ನಗು ನಿಂತಿತು.

ಪೆಟ್ ಸ್ಕ್ಯಾನ್ ಚೆನ್ನಾಗಿತ್ತಲ್ಲ ಎಂದು ನಾವೂ ವಾದಿಸಿದ್ದೆವು. ಮೆದುಳು ಸಹಜವಾಗಿಯೇ ಸಕ್ಕರೆಯನ್ನು ಧಾರಾಳವಾಗಿ ಹೀರುವುದರಿಂದ, ಸಕ್ಕರೆ ಹೀರುವ ಜಾಗಗಳನ್ನು ತೋರಿಸುವ ಆ ಸ್ಕ್ಯಾನ್‌ನಲ್ಲಿ ಇಡೀ ಮೆದುಳೇ ಬೆಳಗುತ್ತದೆ, ಸಣ್ಣ ಗಡ್ಡೆ ಅದರಲ್ಲೇ ಮರೆಯಾಗಬಹುದು ಎಂದು ವೈದ್ಯರು ವಿವರಿಸಿದರು. ಆರ್-ಚಾಪ್‌ನಲ್ಲಿರುವ ರಿಟುಕ್ಸಿಮ್ಯಾಬ್ ಎಂಬ ಔಷಧ ದೊಡ್ಡ ಅಣುವಾದ್ದರಿಂದ ರಕ್ತಕ್ಕೂ ಮೆದುಳಿಗೂ ನಡುವೆ ಇರುವ ತಡೆಯನ್ನು ದಾಟುವುದು ಬಹಳ ಕಡಿಮೆಯಂತೆ. ಹೊಟ್ಟೆಯಲ್ಲಿ ಕರಗಿದ ರೋಗ ಮೆದುಳಿನಲ್ಲಿ ಉಳಿದುಕೊಳ್ಳುವುದು ಹೀಗೆ.

ನಾವು ಎಡವಿದ್ದು ಬೇರೆ ಕಡೆ. ತಲೆನೋವು ತಡೆಯಲಾಗದೆ ಸೇರಿಸಿದ ಹತ್ತಿರದ ಒಂದು ಆಸ್ಪತ್ರೆಯಲ್ಲಿ, ಹಳೆಯ ಕಡತವನ್ನು ನೋಡದೆಯೇ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಆರಂಭಿಸಿದರು. ಎರಡೇ ದಿನಕ್ಕೆ ಮಾವನವರು ಎದ್ದು ಕುಳಿತು ಕಡುಬು ಕೇಳಿದರು. ನಾವು ವೈದ್ಯರ ಕೈಗುಣವನ್ನು ಹೊಗಳಿದ್ದೇ ಹೊಗಳಿದ್ದು. ಆದರೆ ಸ್ಟೀರಾಯ್ಡ್ ಲಿಂಫೋಮಾ ಕಣಗಳನ್ನೇ ಕೊಲ್ಲುವುದರಿಂದ, ಬೆಂಗಳೂರಿನಲ್ಲಿ ತಲೆಬುರುಡೆಗೆ ಸಣ್ಣ ರಂಧ್ರ ಕೊರೆದು ತೆಗೆದ ಚೂರಿನಲ್ಲಿ ರೋಗದ ಗುರುತು ಹಿಡಿಯಲು ಆಗಲಿಲ್ಲ. ಔಷಧ ನಿಲ್ಲಿಸಿ, ಗಡ್ಡೆ ಮತ್ತೆ ಕಾಣಿಸುವವರೆಗೆ ಕಾದು, ಇನ್ನೊಮ್ಮೆ ಬಯಾಪ್ಸಿ ಮಾಡಿಸಬೇಕಾಯಿತು. ರೋಗ ಬೆಳೆಯಲೆಂದು ಕಾಯುವುದು ಎಂಥ ಹಿಂಸೆ ಎಂಬುದನ್ನು ಬರೆದು ತಿಳಿಸಲಾರೆ. ತುರ್ತು ಸ್ಥಿತಿ ಇಲ್ಲದಿದ್ದರೆ, ಬಯಾಪ್ಸಿಗೆ ಮೊದಲು ಸ್ಟೀರಾಯ್ಡ್ ಬೇಕೇ ಎಂದು ಕೇಳಿ. ಈಗಾಗಲೇ ಕೊಡುತ್ತಿದ್ದರೆ ನೀವಾಗಿ ನಿಲ್ಲಿಸಬೇಡಿ; ಶುರುವಾದ ದಿನ ಮತ್ತು ಪ್ರಮಾಣವನ್ನು ಬರೆದುಕೊಂಡು ಹೋಗಿ.

ಸಾಗರದಿಂದ: ಮೇಲಿನವರು ಹೇಳಿದ ಹಂತ ದಾಟಿದ ಮೇಲಿನದನ್ನು ಸೇರಿಸುತ್ತೇನೆ. ನನ್ನ ಅಕ್ಕನಿಗೆ ಹೈ-ಡೋಸ್ ಮೆಥೊಟ್ರೆಕ್ಸೇಟ್ ಎಂಬ ಕೀಮೋ ಔಷಧ ಕೊಟ್ಟರು. ಔಷಧಕ್ಕೆ ಮೊದಲೇ ಸಲೈನ್ ಮತ್ತು ಸೋಡಿಯಂ ಬೈಕಾರ್ಬೊನೇಟ್ ಏರಿಸುತ್ತಿದ್ದರು. ಮೂತ್ರಕ್ಕೆ ಪಟ್ಟಿ ಅದ್ದಿ ಪಿಎಚ್ (ಆಮ್ಲ-ಕ್ಷಾರದ ಅಳತೆ) 7ಕ್ಕಿಂತ ಕೆಳಗಿಳಿದಿಲ್ಲವೆಂದು ನೋಡುವ ಕೆಲಸ ರಾತ್ರಿಯೆಲ್ಲ ನನ್ನದಾಗಿತ್ತು. ಆಮೇಲೆ ಅದರ ವಿಷಪರಿಣಾಮ ತಗ್ಗಿಸುವ ಲ್ಯೂಕೊವೊರಿನ್, ರಕ್ತದಲ್ಲಿ ಔಷಧದ ಮಟ್ಟ ಇಳಿಯುವವರೆಗೆ ಮನೆಯ ಮಾತಿಲ್ಲ. ಹೊಟ್ಟೆಯ ರೋಗವಿದ್ದವರೆಲ್ಲ ಗಮನಿಸಬೇಕಾದ ಸಂಗತಿಯೆಂದರೆ ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಮಾತ್ರೆ. ಅದೂ, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳೂ ಮೆಥೊಟ್ರೆಕ್ಸೇಟ್ ದೇಹದಿಂದ ಹೊರಹೋಗುವುದನ್ನು ನಿಧಾನಗೊಳಿಸಬಲ್ಲವು. ‘ಗ್ಯಾಸಿನ ಮಾತ್ರೆ’ಯನ್ನು ಔಷಧವೆಂದೇ ಎಣಿಸದ ಅಕ್ಕ, ವೈದ್ಯರಿಗೆ ಹೇಳದೆ ತಿಂಡಿಗೆ ಮೊದಲು ಒಂದೊಂದು ನುಂಗುತ್ತಿದ್ದಳು. ಎರಡನೆಯ ಸುತ್ತಿನಲ್ಲಿ ಮಟ್ಟ ಇಳಿಯದೆ ನಾಲ್ಕು ದಿನ ಹೆಚ್ಚಿಗೆ ಉಳಿದೆವು.

ಶಿವಮೊಗ್ಗದಿಂದ: ಹೊಟ್ಟೆಯ ಬಯಾಪ್ಸಿಯ ಸ್ಲೈಡುಗಳನ್ನೂ ಚೂರನ್ನು ಹುದುಗಿಸಿಟ್ಟ ಮೇಣದ ಬ್ಲಾಕನ್ನೂ ಹಿಂದಿನ ಆಸ್ಪತ್ರೆಯಿಂದ ಇಂದೇ ಕೇಳಿ ಪಡೆಯಿರಿ, ಹಳೆಯದಕ್ಕೂ ಹೊಸದಕ್ಕೂ ಹೋಲಿಸಿ ನೋಡುತ್ತಾರೆ. ಮಣಿಪಾಲ ಹತ್ತಿರವೆನಿಸಿದರೂ, ಮಳೆಗಾಲದಲ್ಲಿ ವಾಂತಿಯಾಗುವ ರೋಗಿಯನ್ನು ಆಗುಂಬೆ ಘಾಟಿಯಲ್ಲಿ ಪದೇ ಪದೇ ಇಳಿಸಿ ಹತ್ತಿಸುವುದು ಸುಲಭವಲ್ಲ. ನಾವು ಅದಕ್ಕಾಗಿಯೇ ಬೆಂಗಳೂರಿನ ರೈಲನ್ನು ನೆಚ್ಚಿಕೊಂಡೆವು. ಮೆದುಳಿಗೆ ರೇಡಿಯೇಷನ್ ಎಂಬ ಮಾತು ಬಂದರೆ, ಆ ವಯಸ್ಸಿಗೆ ನೆನಪಿನ ಮೇಲಾಗುವ ಪರಿಣಾಮವನ್ನು ಒಪ್ಪಿಗೆಗೆ ಸಹಿ ಹಾಕುವ ಮುನ್ನವೇ ಕೇಳಿ.

ಹೊಸನಗರದಿಂದ: ಎಲ್ಲರಿಗೂ ಕೃತಜ್ಞತೆಗಳು. ವಿಚಾರಿಸಿದೆ; ಸ್ಟೀರಾಯ್ಡ್ ನಿನ್ನೆ ರಾತ್ರಿಯೇ ಶುರುವಾಗಿದೆ. ದಿನ, ಪ್ರಮಾಣ ಬರೆದಿಟ್ಟಿದ್ದೇನೆ. ಅಮ್ಮನ ಚೀಲದಲ್ಲಿಯೂ ಪ್ಯಾಂಟೊಪ್ರಜೋಲ್‌ನ ಎರಡು ಹಾಳೆಗಳಿದ್ದವು. ಅದನ್ನೂ ಪಟ್ಟಿಗೆ ಸೇರಿಸಿದ್ದೇನೆ. ಬ್ಲಾಕ್ ನಾಳೆ ಹನ್ನೊಂದಕ್ಕೆ ಕೊಡುತ್ತಾರಂತೆ, ರಾತ್ರಿಯ ರೈಲಿಗೆ ಹೊರಡುತ್ತೇವೆ.