ಅಮಾಲ್ಫಿಗೆ ಅಪ್ಪ ಅಮ್ಮನ್ನ ಕರ್ಕೊಂಡು ಹೋಗ್ಬಹುದಾ? ಮೆಟ್ಟಿಲು ಜಾಸ್ತಿ ಅಂತಾರಲ್ಲ

ಬಸವನಗುಡಿ_ಹುಡ್ಗಿ:
ಎಲ್ರಿಗೂ ನಮಸ್ಕಾರ. ದಸರಾ ರಜೆಗೆ ಇಟಲಿ ಅಂತ ಮನೇಲಿ ತೀರ್ಮಾನ ಆಗೋಗಿದೆ, ರೋಮ್ 3 ದಿನ, ಆಮೇಲೆ ದಕ್ಷಿಣ ಇಟಲಿಯ ಕಡಲ ದಡದ ಊರು ಅಮಾಲ್ಫಿ 4 ದಿನ. ನಾನು, ನಮ್ಮೆಜಮಾನ್ರು, 8 ವರ್ಷದ ಮಗಳು, ಜೊತೆಗೆ ಅಪ್ಪ ಅಮ್ಮ. ಅಮ್ಮಂಗೆ ಮಂಡಿ ನೋವು, ಗಾಂಧಿ ಬಜಾರಲ್ಲಿ ಫುಟ್‌ಪಾತ್ ಇಳಿಯೋಕೇ ನನ್ನ ಕೈ ಹಿಡ್ಕೋತಾರೆ. ಅಪ್ಪ ರಿಟೈರ್ಡ್ ಹಿಸ್ಟರಿ ಲೆಕ್ಚರರ್, ಅವ್ರಿಗೆ ಅಮಾಲ್ಫಿನೇ ಬೇಕಂತೆ, ವೆನಿಸ್ ದೊಡ್ಡದಾಗೋಕೆ ಮುಂಚೇನೇ ಕಾನ್‌ಸ್ಟಾಂಟಿನೋಪಲ್ (ಈಗಿನ ಇಸ್ತಾನ್‌ಬುಲ್), ಈಜಿಪ್ಟ್ ಕಡೆ ಹಡಗು ಓಡಿಸ್ತಿದ್ದ ಊರು ಕಣೇ ಅಂತ ದಿನಾ ಕಾಫಿ ಜೊತೆ ಒಂದು ಪಾಠ. ಇಬ್ರೂ ಸಸ್ಯಾಹಾರಿಗಳು, ಅಮ್ಮ ಮೊಟ್ಟೆನೂ ಮುಟ್ಟಲ್ಲ. ರೂಮು ಅಮಾಲ್ಫಿಲೇ ಮಾಡೋದಾ? ನಮ್ಮವ್ರು ಕಾರ್ ಬಾಡಿಗೆಗೆ ತಗೊಳೋಣ ಅಂತಿದಾರೆ, ನಂಗೆ ಭಯ. ಹೋಗಿಬಂದವ್ರು ಹೇಳ್ರಪ್ಪ.

ಘಾಟಿ_ಗೇರ್:
ಮೇಡಂ ಕಾರ್ ಬೇಡ. ನಾನು ಚಾರ್ಮಾಡಿ, ಶಿರಾಡಿ ಎಲ್ಲಾ ಓಡ್ಸಿರೋನು ಅಂತ ಜಂಬದಲ್ಲಿ ತಗೊಂಡೆ, ಅರ್ಧ ದಾರೀಲಿ ಬೆವರು ಇಳಿದೋಯ್ತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಸಮುದ್ರ, ತಿರುವಲ್ಲಿ ಎದುರಿಗೆ ಟೂರಿಸ್ಟ್ ಬಸ್ಸು, ಹಿಂದೆ 10 ಕಾರು ಹಾರ್ನ್ ಹೊಡೀತಿರುತ್ತೆ, ರಿವರ್ಸ್ ತಗೋಬೇಕಾಗಿದ್ದು ನಾನೇ. ಸೀಸನ್ನಲ್ಲಿ ಸಮ ಬೆಸ ನಂಬರ್ ಪ್ಲೇಟ್ ರೂಲ್ಸ್ ಬೇರೆ ಇರುತ್ತೆ. ಪಾರ್ಕಿಂಗ್ ದುಡ್ಡಲ್ಲಿ ಎಲ್ರೂ ಎರಡು ದಿನ ಊಟ ಮಾಡ್ಬಹುದು.

ಮಲ್ಲೇಶ್ವರಂ_ಮಂದಿ:
ನಾವು ಹೋದ್ವರ್ಷ ಅಕ್ಟೋಬರಲ್ಲಿ ಅತ್ತೇನ ಕರ್ಕೊಂಡು ಹೋಗಿದ್ವಿ, ಅವ್ರಿಗೂ ಮಂಡಿ ಪ್ರಾಬ್ಲಂ, ಅದಕ್ಕೇ ಉದ್ದ ಬರೀತಿದೀನಿ. ನನ್ನ ಮಾತು ಕೇಳಿದ್ರೆ ಅಮಾಲ್ಫಿಲಿ ಉಳ್ಕೋಬೇಡಿ, ಅದೇ ಕರಾವಳಿಯ ದೊಡ್ಡ ಊರು ಸಲೆರ್ನೋದಲ್ಲಿ ಉಳ್ಕೊಳ್ಳಿ. ಅಮಾಲ್ಫಿಗೆ ರೈಲೇ ಇಲ್ಲ, ಸಲೆರ್ನೋಗೆ ರೋಮ್‌ನಿಂದ ಫಾಸ್ಟ್ ಟ್ರೈನ್ ಇದೆ, 2 ಗಂಟೆ ಆಸುಪಾಸು. ಸ್ಟೇಷನ್ನಿಂದ ಸ್ವಲ್ಪ ನಡೆದ್ರೆ ಪಿಯಾಜಾ ದೆಲ್ಲಾ ಕಾಂಕೋರ್ದಿಯಾ ಅನ್ನೋ ಚೌಕ, ಅಲ್ಲಿಂದ ದೋಣಿ, ಸುಮಾರು 35 ನಿಮಿಷಕ್ಕೆ ಅಮಾಲ್ಫಿ. ಸಲೆರ್ನೋ ಕಡಲದಂಡೆ ಸಮತಟ್ಟು, ಅತ್ತೆ ದಿನಾ ಸಂಜೆ ವಾಕಿಂಗ್ ಮಾಡ್ಕೊಂಡು ಆರಾಮಾಗಿದ್ರು. ಅಮಾಲ್ಫಿ ಮನೆಗಳೆಲ್ಲ ಬೆಟ್ಟಕ್ಕೆ ಅಂಟಿಸಿದ ಹಾಗಿದೆ, ಬುಕಿಂಗಲ್ಲಿ "ಸೀ ವ್ಯೂ" ಅಂತ ಹಾಕಿದ್ರೆ "ಮೆಟ್ಟಿಲು" ಅಂತ ಓದ್ಕೊಳ್ಳಿ, ಸೂಟ್‌ಕೇಸ್ ಹೊರೋದು ನೀವೇ.

ಅಮಾಲ್ಫಿಯ ಸಂತ ಆಂಡ್ರೂ ಚರ್ಚಿಗೆ 62 ಮೆಟ್ಟಿಲು. 1208ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಿಂದ ಆ ಸಂತನ ಅಸ್ಥಿ ತಂದು ಇಟ್ಟಿದಾರೆ, ಕಂಚಿನ ಬಾಗಿಲು ಅದಕ್ಕಿಂತ ಹಳೇದು, ಅದೂ ಅಲ್ಲೇ ಎರಕ ಹೊಯ್ಸಿ ತಂದಿದ್ದು. ಅಪ್ಪ ಹತ್ತಲಿ, ಅಮ್ಮ ಕೆಳಗೆ ಕಾರಂಜಿ ಹತ್ರ ಮೊಮ್ಮಗಳ ಜೊತೆ ಐಸ್‌ಕ್ರೀಂ ತಿನ್ನಲಿ. ಆದ್ರೆ ಹಡಗು ಕಟ್ತಿದ್ದ ಹಳೇ ಆರ್ಸೆನಲ್ ಸಮುದ್ರದ ಮಟ್ಟದಲ್ಲೇ ಇದೆ, ಅಲ್ಲಿಗೆ ಅಮ್ಮನೂ ಬರ್ತಾರೆ. ಈಗಿರೋದು ಒಂದು ಭಾಗ ಮಾತ್ರ, 1343ರಲ್ಲಿ ಸಮುದ್ರ ಉಕ್ಕಿ ಊರಿನ ಕೆಳಭಾಗಾನೇ ನುಂಗ್ತು. ಆಮೇಲೆ ಕಾಗದದ ಮ್ಯೂಸಿಯಂ ಬಿಡ್ಬೇಡಿ, ಮೇನ್ ರೋಡಲ್ಲಿ ನಿಧಾನವಾಗಿ ಏರ್ತಾ ಹೋದ್ರೆ ಸಿಗುತ್ತೆ. ಹತ್ತಿ ಬಟ್ಟೆ ಚಿಂದೀನ ನೀರಿನ ಬಲದ ಸುತ್ತಿಗೇಲಿ ಕುಟ್ಟಿ ಕಾಗದ ಮಾಡ್ತಿದ್ರು, ನಮ್ಮನೆ ಮಕ್ಕಳು ಒಂದೊಂದು ಹಾಳೆ ತಾವೇ ಮಾಡಿ ತಂದ್ರು.

ದಡದ ಹತ್ರ ದಿಕ್ಸೂಚಿ ಕಂಡುಹಿಡಿದ ಅಂತ ಹೇಳೋ ಫ್ಲಾವಿಯೋ ಜೋಯಾನ ಪ್ರತಿಮೆ ಇದೆ, ಆದ್ರೆ ಅಂಥ ಮನುಷ್ಯ ಹುಟ್ಟೇ ಇರ್ಲಿಲ್ಲ ಅಂತ ಬಹಳ ಇತಿಹಾಸಕಾರರು ಹೇಳ್ತಾರೆ. ಅಪ್ಪಂಗೆ ಮೊದ್ಲೇ ಹೇಳ್ಬೇಡಿ, ಅಲ್ಲಿ ಅವ್ರೇ ಪಾಠ ಮಾಡ್ಲಿ 😄

ಪಕ್ಕದ ಅತ್ರಾನಿಗೆ 10-15 ನಿಮಿಷ ನಡಿಗೆ, ಇಟಲಿಲೇ ವಿಸ್ತೀರ್ಣದಲ್ಲಿ ಅತಿ ಚಿಕ್ಕ ಮುನ್ಸಿಪಾಲಿಟಿ, ಸುಮಾರು 0.12 ಚದರ ಕಿಮೀ. ನಮ್ಮ ಲಾಲ್‌ಬಾಗಲ್ಲಿ ಅಂಥ 8 ಊರು ಹಿಡಿಯುತ್ತೆ.

ಗಾಳಿ ಜೋರಾದ್ರೆ ದೋಣಿ ಕ್ಯಾನ್ಸಲ್, ಆಗ ಬಸ್ಸೇ ಗತಿ. ಟಿಕೆಟ್ ಬೀಡಿ ಸಿಗರೇಟ್ ಅಂಗಡೀಲಿ ಸಿಗುತ್ತೆ, ತಬಾಕ್ಕಿ ಅಂತಾರೆ. ಸಲೆರ್ನೋದಿಂದ ಹೋಗುವಾಗ ಎಡಗಡೆ ಕೂತ್ಕೊಳ್ಳಿ, ಸಮುದ್ರ ಆ ಕಡೆ. ಮಗಳಿಗೆ ವಾಂತಿ ಮಾತ್ರೆ ಮರೀಬೇಡಿ.

ತಿಂಡಿಪೋತ_ಬೆಂಗ್ಳೂರು:
ಊಟದ ಬಗ್ಗೆ ಯಾರೂ ಹೇಳ್ಲೇ ಇಲ್ವಲ್ಲ. ಪಿಜ್ಜಾ ಮರಿನಾರಾ ಅಂದ್ರೆ ಮೀನು ಅಂತ ಹೆದರ್ಬೇಡಿ, ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ, ಎಣ್ಣೆ ಅಷ್ಟೇ, ಚೀಸೂ ಇಲ್ಲ (ಅಮ್ಮ ಬೆಳ್ಳುಳ್ಳಿ ತಿಂತಾರೆ ತಾನೆ?). ಪಾರ್ಮೆಜಾನ್ ಚೀಸಿಗೆ ಹಾಲು ಒಡೆಸೋಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕ್ತಾರೆ, ಕಟ್ಟುನಿಟ್ಟು ಇದ್ರೆ ಬೇಡ ಅನ್ನಿ. ಕೊಲಾತುರಾ ಅಂತ ಕಂಡ್ರೆ ಅದು ಮೀನಿನ ರಸ, ಪಕ್ಕದ ಚೆತಾರಾ ಊರಿನ ಸ್ಪೆಷಲ್, ದೂರ ಇರಿ. ನಿಂಬೆಹಣ್ಣಿನ ಕೇಕು ಚೆನ್ನಾಗಿರುತ್ತೆ ಆದ್ರೆ ಮೊಟ್ಟೆ ಇದೆ. ಅಮ್ಮಂಗೆ ನಿಂಬೆ ಗ್ರಾನೀತಾ (ಪುಡಿ ಐಸಿನ ಶರಬತ್ತು) ಕೊಡ್ಸಿ. ಅಲ್ಲಿನ ನಿಂಬೆ ಕೈತುಂಬ ದಪ್ಪ, ಹುಳಿ ಕಮ್ಮಿ, ಸಿಪ್ಪೆ ಸಮೇತ ಹೋಳು ಮಾಡಿ ತಿಂತಾರೆ. ನಮ್ಮಮ್ಮ ನೋಡಿದ ತಕ್ಷಣ ಉಪ್ಪಿನಕಾಯಿ ಲೆಕ್ಕ ಹಾಕಿದ್ರು. ಹೋಟ್ಲಲ್ಲಿ ಮಧ್ಯಾಹ್ನ 3ರಿಂದ ಸಂಜೆ 7ರವರೆಗೆ ಬಹಳ ಕಡೆ ಅಡುಗೆಮನೆ ಬಂದ್, ಚಕ್ಲಿ ಕೋಡ್ಬಳೆ ಬ್ಯಾಗಲ್ಲಿರ್ಲಿ.

ಬಸವನಗುಡಿ_ಹುಡ್ಗಿ:
ಎಲ್ರಿಗೂ ತುಂಬಾ ಥ್ಯಾಂಕ್ಸ್! ಸಲೆರ್ನೋ ಅಂತ ಹೇಳಿದ್ದಕ್ಕೆ ಅಪ್ಪ ಸ್ವಲ್ಪ ಮುಖ ಸಣ್ಣ ಮಾಡ್ಕೊಂಡ್ರು, ಆಮೇಲೆ ಅವ್ರೇ ಎದ್ದು ಬಂದು ಅಲ್ಲಿ ಮಧ್ಯಯುಗದ ವೈದ್ಯಶಾಲೆ ಇತ್ತು ಕಣೇ, ಹೆಂಗಸರೂ ವೈದ್ಯರಾಗಿದ್ರು ಅಂತ ಶುರು ಮಾಡಿದಾರೆ. ನಮ್ಮವ್ರಿಗೆ ಕಾರ್ ಕಾಮೆಂಟ್ ತೋರಿಸ್ದೆ, ಮಾತೇ ಇಲ್ಲ. ವೀಸಾಗೆ ಯಾವಾಗ ಹಾಕೋದು?

ಘಾಟಿ_ಗೇರ್:
ಹೊರಡೋ ದಿನಕ್ಕೆ 6 ತಿಂಗಳು ಮುಂಚೆಯಿಂದ ಹಾಕ್ಬಹುದು, ಕೊನೇ ಗಡುವು 15 ದಿನ ಮುಂಚೆ, ಆದ್ರೆ ಅಲ್ಲೀವರೆಗೆ ಕಾಯೋಕೋದ್ರೆ ಕೆಟ್ರಿ. ಇನ್ಶೂರೆನ್ಸ್ ಕಮ್ಮಿ ಅಂದ್ರೂ 30,000 ಯೂರೋ ಕವರ್ ಇರ್ಬೇಕು. ಅಪ್ಪ ಅಮ್ಮನ ಪಾಸ್‌ಪೋರ್ಟ್ ಡೇಟ್ ಇವತ್ತೇ ತೆಗೆದು ನೋಡಿ ಮೇಡಂ.