ಗೆಲಿಲಿಯೋನ ಸುಟ್ಟಿದ್ರೇನು? ಮಕ್ಕಳಿಗೆ ಏನಂತ ಹೇಳಲಿ

ಕುಷ್ಟಗಿ ಅಕ್ಕೋರು:
ನಮಸ್ಕಾರ್ರಿ. ಕುಷ್ಟಗಿ ತಾಲ್ಲೂಕಿನ ಸಾಲ್ಯಾಗ ವಿಜ್ಞಾನ ಕಲಸ್ತೀನಿ. ಎಂಟನೇತ್ತೆ ಹುಡುಗಿ ಕೇಳಿದ್ಲು: "ಅಕ್ಕೋರೆ, ಭೂಮಿ ತಿರುಗತೈತಿ ಅಂದಿದ್ದಕ್ಕ ಗೆಲಿಲಿಯೋನ ಸುಟ್ರಂತ, ಖರೇನ್ರಿ?" ಸುಟ್ಟಿಲ್ಲ ಅಂದೆ. ಹಂಗಾದ್ರ ಅವನ ಕಡೆ ಪುರಾವೆ ಏನಿತ್ತು, ಚರ್ಚಿಗೆ ಅಷ್ಟು ಸಿಟ್ಟ್ಯಾಕ ಅಂತ ಇಡೀ ತರಗತಿ ಕೇಳಾಕ ಹತ್ತೈತಿ.

ಬಳ್ಳಾರಿ ಓದುಗ:
ಸುಟ್ಟಿದ್ದು ಇಟಲಿಯ ತತ್ವಜ್ಞಾನಿ ಜೋರ್ಡಾನೊ ಬ್ರೂನೋನ ಮೇಡಂ, 1600ರಲ್ಲಿ, ರೋಮ್‌ನಲ್ಲಿ. ಹುಡುಗಿ ಎರಡು ಕತೆ ಕೂಡಿಸ್ಕೊಂಡಿದಾಳೆ.

ಗಂಗಾವತಿ ನಿವೃತ್ತ ಮಾಸ್ತರ:
ಅಕ್ಕೋರೆ, ಗುರುಗ್ರಹದಿಂದ ಶುರು ಮಾಡ್ರಿ. 1610ರ ಜನವರಿ 7ರ ರಾತ್ರಿ ಇಟಲಿಯ ಪಡುವಾ ಊರಾಗ ಗೆಲಿಲಿಯೋ ದೂರದರ್ಶಕ ಹಿಡಿದು ನೋಡಿದಾಗ ಗುರುವಿನ ಆಜುಬಾಜು ಒಂದ ಸಾಲಿನ್ಯಾಗ ಮೂರು ಚುಕ್ಕಿ. ಮರುದಿನ ಮೂರೂ ಒಂದ ಕಡೆ! ವಾರದೊಳಗ ನಾಲ್ಕನೇದೂ ಸಿಕ್ತು. ಅವು ಗುರುವಿನ ಚಂದ್ರರು. ಎಲ್ಲಾ ಭೂಮೀನ ಸುತ್ತತಾವ ಅನ್ನೂ ಮಾತು ಅಲ್ಲಿಗೆ ಮುರೀತು. ಅದ ವರ್ಷದ ಕೊನಿಗೆ ಶುಕ್ರ: ದುಂಡಗಿದ್ದಾಗ ಸಣ್ಣದು, ಕುಡುಗೋಲಿನಂಗ ಬಾಗಿದಾಗ ದೊಡ್ಡದು. ಶುಕ್ರ ಸೂರ್ಯನ್ನ ಸುತ್ತಿದ್ರ ಮಾತ್ರ ಹಂಗ ಕಾಣತೈತಿ.

ಆದ್ರ ಇದನ್ನೂ ಮುಚ್ಚಿಡಬ್ಯಾಡ್ರಿ. ಗ್ರಹಗಳು ಸೂರ್ಯನ ಸುತ್ತ, ಸೂರ್ಯ ಭೂಮಿ ಸುತ್ತ ಅಂತ ಡೆನ್ಮಾರ್ಕಿನ ಖಗೋಳ ವಿಜ್ಞಾನಿ ಟೈಕೊ ಬ್ರಾಹೆ ಹೇಳಿದ್ದ. ಶುಕ್ರನ ಲೆಕ್ಕ ಅದಕ್ಕೂ ಕೂಡತಿತ್ತು. ಸಮುದ್ರದ ಭರತ-ಇಳಿತವೇ ಭೂಮಿ ಚಲನೆಗೆ ಪುರಾವೆ ಅಂತ ಗೆಲಿಲಿಯೋ ವಾದಿಸಿದ, ಅದು ತಪ್ಪಿತ್ತು. ಭೂಮಿ ಸುತ್ತೂದರಿಂದ ನಕ್ಷತ್ರದ ಜಾಗ ಚೂರೇ ಚೂರು ಸರಿಯೂದನ್ನ ಜರ್ಮನಿಯ ಖಗೋಳ ವಿಜ್ಞಾನಿ ಬೆಸೆಲ್ ಅಳದು ಹೇಳಿದ್ದು 1838ರಾಗ, ಆ ಪುರಾವೆ ಗೆಲಿಲಿಯೋನ ಕೈಯಾಗ ಇದ್ದಿಲ್ಲ.

ಚರ್ಚಿನ ಸಿಟ್ಟು ಬರೇ ಆಕಾಶದ್ದಲ್ಲ. ಬೈಬಲ್ಲಿಗೆ ಅರ್ಥ ಹೇಳೂ ಅಧಿಕಾರ ಯಾರದು ಅನ್ನೂದು ಅದರ ಬುಡ. 1616ರಾಗ, ಭೂಮಿ ಸೂರ್ಯನ್ನ ಸುತ್ತತೈತಿ ಅಂದಿದ್ದ ಕೋಪರ್ನಿಕಸ್‌ನ ಪುಸ್ತಕ ತಡೆದ್ರು, ಗೆಲಿಲಿಯೋಗ ಎಚ್ಚರಿಕೆ ಕೊಟ್ರು. 1632ರಾಗ ಆತ ಲ್ಯಾಟಿನ್ ಬಿಟ್ಟು ಮಂದಿ ಮಾತಾಡೂ ಇಟಾಲಿಯನ್ನಿನ್ಯಾಗ ಪುಸ್ತಕ ತಂದ. ಪೋಪ್ ಎಂಟನೇ ಅರ್ಬನ್ನನ ವಾದಾನ ಅದರಾಗ ದಡ್ಡ ಪಾತ್ರದ ಬಾಯಾಗ ಇಟ್ಟಿದ್ದ. ಮರುವರ್ಷ ವಿಚಾರಣೆ, ಆಮ್ಯಾಲೆ ಸಾಯೂತನಕ ಗೃಹಬಂಧನ.

ರಾಯಚೂರು ಪಾಲಕ:
ಪುರಾವೆ ಪೂರ್ತಿ ಇದ್ದಿಲ್ಲ ಅಂದ್ರ ಮಕ್ಕಳು ಚರ್ಚಿಂದೇ ಸರಿ ಅನ್ಕೋತಾರಲ್ರಿ?

ಗಂಗಾವತಿ ನಿವೃತ್ತ ಮಾಸ್ತರ:
ಇಲ್ರಿ. ಪುರಾವೆ ಕಮ್ಮಿ ಇದ್ರ ಕಮ್ಮಿ ಐತಿ ಅಂತ ಬರೀಬಹುದಿತ್ತು, ವಾದಕ್ಕ ಕೂಡಬಹುದಿತ್ತು. 69 ವರ್ಷದ ಮುದುಕನ್ನ 1633ರ ಜೂನ್ 22ಕ್ಕ ಮೊಣಕಾಲೂರಿಸಿ, ಭೂಮಿ ಚಲಿಸತೈತಿ ಅನ್ನೂದನ್ನ ಶಪಿಸ್ತೀನಿ ಅಂತ ಓದಿಸಿದ್ರಲ್ಲ, ಅದಕ್ಕ ಯಾವ ಪುರಾವೆಯ ಕೊರತೀನೂ ಕಾರಣ ಆಗೂದಿಲ್ಲ. ಮಕ್ಕಳಿಗೆ ಈ ಎರಡನ್ನೂ ಹೇಳ್ರಿ, ತಿಳ್ಕೋತಾರ. ನಲವತ್ತು ಮಕ್ಕಳ ಮುಂದ ನಿಂತು ನಾನೂ ಹೇಳಿದ ಮಾತಿದು.

ಕುಷ್ಟಗಿ ಅಕ್ಕೋರು:
ಭಾಳ ಉಪಕಾರ ಸರ್. ಗುರು ಸಂಜಿಗೆ ಕಾಣೂ ತಿಂಗಳಿನ್ಯಾಗ ಬೈನಾಕ್ಯುಲರ್ ಗ್ವಾಡಿಗೆ ಒತ್ತಿ ಹಿಡಿದು ತೋರಿಸ್ತೀನಿ. ಚುಕ್ಕಿ ಎಲ್ಲೆಲ್ಲಿ ಅದಾವಂತ ದಿನಾ ನೋಟ್‌ಬುಕ್ಕಿನ್ಯಾಗ ಮಕ್ಕಳೇ ಬರೀಲಿ.